ಒಂದು ಲೋಟ ನೀರಿನ ಮುಂದೆ ಕುಳಿತು

ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ನುಂಗುವುದನ್ನು ಕಲಿಸುವ ಕೋಣೆಗೆ ಬೀಗ ಜಡಿದು, ಕಲಿಸುತ್ತಿದ್ದ ಮೇಡಂ ಅವರನ್ನು ಚೀಟಿ ಕೌಂಟರಿನಲ್ಲಿ ಕೂರಿಸಿದ್ದೀರಿ. ವಿತ್ ಡ್ಯೂ ರೆಸ್ಪೆಕ್ಟ್... ಮುಂದಿನ ಇಂಗ್ಲಿಷು ಕಾಲೇಜಿನಲ್ಲೇ ಉಳಿಯಿತು, ಕನ್ನಡದಲ್ಲೇ ಹೇಳುತ್ತೇನೆ: ಇದು ಅನ್ಯಾಯ.

ನಾನು ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಅನ್ನ ಕೊಟ್ಟ ಗಂಟಲಿನಲ್ಲೇ ಕ್ಯಾನ್ಸರ್ ಹುಟ್ಟಿತು. ನಿಮ್ಮ ಸರ್ಜನ್ ನಾಲಿಗೆಯ ಬುಡವನ್ನೂ ಗಂಟಲಿನ ಒಂದು ಪಾಲನ್ನೂ ತೆಗೆದು ಜೀವ ಉಳಿಸಿದರು. ಅವರ ಕೈಗೆ ನಮಸ್ಕಾರ. ಉಳಿದ ಜೀವಕ್ಕೆ ನೀರು ಕುಡಿಯಲು ಕಲಿಸುವವರು ಯಾರು? ಈಗ ಮೂಗಿನ ನಳಿಗೆಯೇ ನನ್ನ ಊಟದ ಮನೆ. ಸೋಮವಾರ ಅದನ್ನೂ ಕಿತ್ತು ಮನೆಗೆ ಕಳಿಸುತ್ತಾರಂತೆ. ನುಂಗುವ ಪರೀಕ್ಷೆ ಮಾತ್ರ ಆಗಿಲ್ಲ.

ಪಕ್ಕದ ಹಾಸಿಗೆಯ ಟೈಲರನ್ನು ಹೀಗೆಯೇ ಕಳಿಸಿದಿರಿ. ಊಟಕ್ಕೆ ಕೂತವರು ಕೆಮ್ಮಿದರೆ ನಾವೆಲ್ಲ ಏನು ಮಾಡುತ್ತೇವೆ? ನೆತ್ತಿ ತಟ್ಟಿ ನೀರು ಕೊಡುತ್ತೇವೆ. ಅವರ ಹೆಂಡತಿಯೂ ಪಾಪ, ಅದನ್ನೇ ಮಾಡಿದರು. ನಮ್ಮಂಥ ಗಂಟಲಿಗೆ ಗಂಜಿಗಿಂತ ನೀರೇ ಅಪಾಯ, ತಡೆಯುವಷ್ಟರಲ್ಲಿ ಶ್ವಾಸಕೋಶಕ್ಕೆ ಜಾರಿರುತ್ತದೆ ಎಂದು ಆಕೆಗೆ ಹೇಳಬೇಕಾದವರು ಕೌಂಟರಿನಲ್ಲಿ ಚೀಟಿ ಹರಿಯುತ್ತಿದ್ದರು. ಟೈಲರ್ ನ್ಯುಮೋನಿಯಾ ಹೊತ್ತುಕೊಂಡು ಮತ್ತೆ ಪಕ್ಕಕ್ಕೇ ಬಂದಿದ್ದಾರೆ. 'ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್' ಎಂದು ನಮ್ಮ ಲೆಕ್ಚರರ್ ಹೇಳುತ್ತಿದ್ದರು. ಯಾವುದಕ್ಕಿಂತ ಬೆಟರ್ ಎಂಬುದು ಮರೆತಿತ್ತು. ಆಕ್ಸಿಜನ್ ಮಾಸ್ಕಿನೊಳಗಿನ ಆ ಗೊರಗೊರ ಕೇಳಿದಾಗಿನಿಂದ ನೆನಪಾಗಿದೆ.

ನನ್ನ ಅಕ್ಕ ನಿಮ್ಮನ್ನು ಕಾಣಲು ಬಂದಿದ್ದಳು. ನೀವು ನಕ್ಕಿರಿ.

"ನುಂಗೋದಕ್ಕೂ ಟ್ರೈನಿಂಗಾ ಅಮ್ಮಾ? ಹುಟ್ಟಿದ ಮಗೂಗೆ ಯಾರು ಕಲಿಸ್ತಾರೆ?"

"ಮಗೂಗೆ ಪೂರ್ತಿ ನಾಲಿಗೆ ಇರುತ್ತೆ ಸಾರ್," ಎಂದಳಂತೆ.

ಇಷ್ಟು ತಿಳಿದ ಅಕ್ಕನೇ ಮೊನ್ನೆ, ನಾನು ನನ್ನ ಎಂಜಲಿಗೇ ಕೆಮ್ಮಿದಾಗ, ಅಭ್ಯಾಸಬಲದಿಂದ ನೀರಿನ ಲೋಟ ಎತ್ತಿಬಿಟ್ಟಳು.

"ನೆತ್ತಿಗೆ ಹತ್ತಿತು ಕಣೋ. ಯಾರೋ ನೆನೆಸ್ಕೊಂಡ್ರು."

ತೀರಿಕೊಂಡ ನನ್ನವಳೇ ಇರಬೇಕು ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ.

"ಬಾಯಿಮುಚ್ಚೋ. ಬದುಕಿದ್ದಾಗಲೂ ಅವಳು ನಿನ್ನ ಇಷ್ಟು ಅರ್ಜೆಂಟಾಗಿ ಕರೆದಿರ್ಲಿಲ್ಲ," ಎಂದು ನಗಲು ಹೋದವಳ ಕಣ್ಣು ಟೈಲರ ಕಡೆ ಹೊರಳಿತು. ತಾನು ಎತ್ತಿದ್ದು ಏನೆಂದು ಆಗ ಗೊತ್ತಾಯಿತು. ಎತ್ತಿದ ಕೈಯಿಂದಲೇ ಲೋಟದ ನೀರನ್ನು ಬೇಸಿನ್ನಿಗೆ ಚೆಲ್ಲಿ ಬಂದಳು.

ಸೋಮವಾರದಿಂದ ನನ್ನ ಪ್ರಾಣ ಆ ಕೈಯಲ್ಲಿ. ಪ್ರೀತಿಯಿಂದ ಕೊಲ್ಲುವ ಕೆಲಸವನ್ನು ಅವಳಿಗೇಕೆ ವಹಿಸುತ್ತೀರಿ, ಮಹಾಸ್ವಾಮಿ? ಬೀಗ ಬೀಳುವ ಮೊದಲು ನನಗೆ ಸಿಕ್ಕಿದ್ದು ಒಂದೇ ಪಾಠ: ಗದ್ದ ತಗ್ಗಿಸಿ, ಉಸಿರು ಹಿಡಿದು, ನುಂಗಿ, ಕೆಮ್ಮುವುದು. ಖಾಲಿ ಬಾಯಲ್ಲಿ ಅದನ್ನೇ ಮಾಡುತ್ತಾ ಕೂತಿದ್ದೇನೆ. ಸರಿಯೋ ತಪ್ಪೋ ಹೇಳುವವರಿಲ್ಲ.

ಆ ಕೋಣೆಯ ಬೀಗ ತೆಗೆಸಿ. ಮೇಡಂ ಅವರನ್ನು ಅವರ ಕುರ್ಚಿಗೆ ಕಳಿಸಿ. ಪರೀಕ್ಷೆಯಾಗುವ ತನಕ ನನ್ನ ನಳಿಗೆ ಮುಟ್ಟಬೇಡಿ. ಆಗದೆಂದಾದರೆ ಸೋಮವಾರ ನೀವೇ ವಾರ್ಡಿಗೆ ಬನ್ನಿ. ಲೋಟ ತುಂಬಿಸಿಕೊಂಡು ಕೂತಿರುತ್ತೇನೆ. ಟೈಲರ ಉಸಿರು ಕೇಳಿಸಿಕೊಳ್ಳುತ್ತಾ, ನನ್ನ ಕಣ್ಣು ನೋಡುತ್ತಾ, 'ಕುಡಿ' ಎಂದುಬಿಡಿ.

ಕುಡಿಯುತ್ತೇನೆ.

ಇಂತಿ,
ಒಂದು ಸಲ, ಎರಡು ಸಲ ಕೂಗಿ, ಮೂರನೆಯ ಕೂಗಿಗೆ ಗಂಟಲಿಲ್ಲದ
ಹಳೆಯ ಹರಾಜುಗಾರ