ಎರಡೂ ಕೈಗೆ ಹಸಿರು ಬಳೆ

ಉರಿಮಾಸದ ಮೂವತ್ತಾರನೆಯ ದಿನ, ೨೨೦೭

ನನ್ನ ಮುತ್ಯಾನ ಮುತ್ಯಾನ ಮುತ್ಯಾ ಆದ ಕರಿವೀರಪ್ಪ ಪೈಲ್ವಾನನಿಗೆ, ಏಳನೆಯ ತಲೆಮಾರಿನ ನೀಲಗಂಗಾ ಮಾಡುವ ಶರಣು.

ತಾರೀಖು ನೋಡಿ ನಗಬೇಡ. ನಿಮ್ಮ ಹನ್ನೆರಡು ತಿಂಗಳೊಳಗೆ ನಮ್ಮ ಬೇಸಿಗೆ ಹಿಡಿಸಲಿಲ್ಲ. ಪಂಚಾಂಗದವರು ಕೈಸೋತು ಇನ್ನೊಂದು ತಿಂಗಳು ಸೇರಿಸಿದರು, ಅದೇ ಉರಿಮಾಸ. ನನ್ನ ಕನ್ನಡವೂ ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸು. ನಿಮ್ಮ ಕಾಲದ ಮಾತನ್ನು ಈ ಮುಪ್ಪಿನಲ್ಲಿ ಕಲಿತು ಬರೆಯುತ್ತಿದ್ದೇನೆ. ನೀನಿನ್ನೂ ಇಪ್ಪತ್ತಾರರ ಹುಡುಗ, ನನಗೆ ಅರವತ್ತು ದಾಟಿದೆ. ಆದರೂ ನಿನ್ನನ್ನು ಮುತ್ಯಾ ಎನ್ನದೆ ವಿಧಿಯಿಲ್ಲ.

ಹಿಂದಿನ ಕಾಲಕ್ಕೆ ಹೋಗುವ ಇಂಥ ಓಲೆಗೆ ನಾವು ಹಿನ್ನೋಲೆ ಎನ್ನುತ್ತೇವೆ. ಅದನ್ನು ಮೊದಲು ಓದುವವರು ಜರಡಿಯವರು. ಆಗಿಹೋದದ್ದನ್ನು ಬದಲಿಸಬಲ್ಲ ಮಾತು ಯಾವುದಿದ್ದರೂ ಅಳಿಸಿ, ಮಿಕ್ಕದ್ದನ್ನು ಮಾತ್ರ ಬಿಡುತ್ತಾರೆ. ಬೈದರೂ ಜಗ್ಗುವುದಿಲ್ಲ, ಕಾಲಿಗೆ ಬಿದ್ದರೂ ಕರಗುವುದಿಲ್ಲ. ನಿನಗೆ ಗರಡಿ ಇದ್ದಂತೆ ನನಗೆ ಜರಡಿ, ಎರಡರಲ್ಲೂ ಮಣ್ಣು ಮುಕ್ಕಿಯೇ ಏಳಬೇಕು. ಈ ಓಲೆಯಲ್ಲಿ ಎಲ್ಲೆಲ್ಲಿ ಬರೀ ಚುಕ್ಕಿಗಳಿವೆಯೋ ಅಲ್ಲೆಲ್ಲ ನಾನು ನಿನಗೆ ಹೇಳಲೇಬೇಕಾಗಿದ್ದ ಮಾತಿತ್ತು.

ನಾಳೆ ನನ್ನ ಮಗ ಮುಗಿಲನ ಮದುವೆ. ಅವನು ಕೈ ಹಿಡಿಯುವ ಹುಡುಗನ ಹೆಸರು ಹೊನ್ನೂರ, ಒಳ್ಳೆಯವನು, ಸ್ವಲ್ಪ ಗೊರಕೆ ಹೊಡೆಯುತ್ತಾನೆ. ಉರಿಮಾಸದಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲ. ಎಲ್ಲರೂ ನೆಲದಡಿಯ ತಂಪುಮನೆಗಳಿಗೆ ಇಳಿದಿರುತ್ತೇವೆ, ಮದುವೆಗಳೂ ಅಲ್ಲಿಯೇ. ಬೀಗರು ತಮ್ಮ ಪಾಲಿನ ನೀರನ್ನು ತಾವೇ ಹೊತ್ತು ತರಬೇಕು. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ. ಅವು ಇನ್ನೂ ಇವೆ, ಗಾಬರಿಯಾಗಬೇಡ. ನಮ್ಮ ಕಾಲ ಬಂಗಾರದ್ದೆಂದು ಮಾತ್ರ ತಿಳಿಯಬೇಡ. ಒಂದು ಚೊಂಬು ನೀರು ಚೆಲ್ಲಿದವನನ್ನು ನಾವೂ ವರ್ಷಗಟ್ಟಲೆ ಆಡಿಕೊಂಡು ನಗುತ್ತೇವೆ. ಆದರೆ ‘ಗಂಡಸ್ತನ’ ಎಂಬ ಮಾತು ನಮ್ಮಲ್ಲಿ ಸವೆದುಹೋಗಿದೆ. ಮೊನ್ನೆ ಮುಗಿಲ ಅದರ ಅರ್ಥ ಕೇಳಿದ. ನಾನು ಹೇಳಿದ ಮೇಲೂ ಅವನಿಗೆ ತಿಳಿಯಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಗಂಡುಮಕ್ಕಳ ಮದುವೆಯಲ್ಲಿ ಸೋದರಮಾವ ಬಂದು ಅವರ ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸುತ್ತಾನೆ. ಜಗಲಿಯ ಮೇಲೆ ದೇವರ ಪಕ್ಕದಲ್ಲಿ ಒಂದು ಜೊತೆ ಹಳೆಯ ಬಳೆಗಳಿವೆ. ಹೊಸ ಬಳೆಗಳನ್ನು ಮೊದಲು ಅವಕ್ಕೆ ಮುಟ್ಟಿಸಬೇಕು. ಆ ಹಳೆಯವು ನಿನ್ನವು, ಮುತ್ಯಾ. ನೀನು ಯಾವುದೋ ದೊಡ್ಡ ಕುಸ್ತಿ ಗೆದ್ದಾಗ ನಿನಗೆ ಕುಸ್ತಿ ಕಲಿಸಿದ ಗುರು ಬಾಳನಗೌಡ ವಸ್ತಾದರು ಮೆಚ್ಚಿ, ಹರಸಿ, ತಮ್ಮ ಕೈಯಾರೆ ತೊಡಿಸಿದರಂತೆ. ನಾವೆಲ್ಲ ಈ ಕಥೆಯನ್ನು ತೊಟ್ಟಿಲಲ್ಲೇ ಕೇಳಿ ಬೆಳೆದವರು.

ಈ ಸಲ ನನಗೊಂದು ಹುಚ್ಚು ಹತ್ತಿತು. ವಸ್ತಾದರ ಆ ಹರಕೆಯನ್ನು ಅವರ ದನಿಯಲ್ಲೇ ಮಗನ ಮದುವೆಯಲ್ಲಿ ಕೇಳಿಸಬೇಕು ಎಂದು, ಉರಿಮಾಸ ಹತ್ತುವ ಮೊದಲೇ ದನಿ ಅಗೆಯುವವರನ್ನು ಕರೆಸಿದೆ. ಹಳೆಯ ಮಣ್ಣಿನ ಗೋಡೆಗಳು ತಾವು ಕೇಳಿದ್ದನ್ನು ಹಿಡಿದಿಟ್ಟುಕೊಂಡಿರುತ್ತವೆ, ಅದನ್ನು ಹೊರತೆಗೆಯುವುದು ಇವರ ಕಸುಬು. ನಿನ್ನ ಗರಡಿಮನೆಯ ಗೋಡೆ ಇನ್ನೂ ಮೊಳಕಾಲೆತ್ತರ ನಿಂತಿದೆ. ನಾನು ಹೊಸ ಸೀರೆ ಉಟ್ಟು, ತೆಂಗಿನಕಾಯಿ ಒಡೆದು ಅದರ ಮುಂದೆ ಕೂತೆ.

ವಸ್ತಾದರ ದನಿಯೇನೋ ಬಂತು. “ಮೂರು ಕನ್ಯಾ ನೋಡಿ ಒಲ್ಲೆ ಅಂದಿ. ಆ ಮೌನೇಶನ ಕೈ ಹಿಡಕೊಂಡು ಕುಂದರ್ತಿ ಅಂತ ಊರಾಗೆಲ್ಲಾ ಸುದ್ದಿ. ನನ್ನ ಗರಡಿ ಮರ್ಯಾದಿ ಮಣ್ಣು ಮಾಡಿದೆಲ್ಲೋ! ಗಂಡಸಾಗಿದ್ರ ನಾಳೆ ಹೆಣ್ಣು ನೋಡಾಕ ಹೋಗು. ಅದರ ನೆಪ್ಪಿಗೆ ಇವತ್ತ ಎಲ್ಲಾರ ಮುಂದ ಬಳಿ ಇಟ್ಕೋ, ಚಾಚು ಕೈ!” ಆಮೇಲೆ ಬಳೆಗಳ ಸದ್ದು, ಗರಡಿ ತುಂಬ ನಗು. “ಸಾಕು ಮೌನೇಶಾ, ಎಷ್ಟ್ ನಗ್ತಿ!” ಎಂದು ಯಾರೋ ಗದರಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನು. ಹೆದರಿದವನು ಹಾಗೆಯೇ ನಗುತ್ತಾನೆ, ನೀನು ಅವನನ್ನು ಶಪಿಸಬೇಡ. ನಗು ಅಡಗಿದ ಮೇಲೆ ಇನ್ನೊಂದು ದನಿ ಕೇಳಿತು, ತಗ್ಗಿದ ದನಿ.

“ಈ ಕೈಗೂ ಇಡ್ರಿ, ವಸ್ತಾದ್ರ.”

ಅದು ನಿನ್ನದು. ಏಳು ತಲೆಮಾರು ನಾವು ನಿನ್ನ ಅವಮಾನವನ್ನು ಹೂವೇರಿಸಿ ಪೂಜಿಸಿದ್ದೇವೆ, ಮುತ್ಯಾ. ನಾನು ಆ ಗೋಡೆಯ ಮುಂದೆ ಗೋಳೋ ಎಂದು ಅತ್ತೆ.

ಹಿನ್ನೋಲೆ ಯಾವ ಘಟನೆಗಾಗಿ ಬರೆದದ್ದೋ ಅದು ಆಗುವ ಮೊದಲು ಮುಟ್ಟುವಂತಿಲ್ಲ. ಆದ್ದರಿಂದ ಇದು ನಿನಗೆ ಸಿಗುವುದು ಅದೇ ದಿನ ಸಂಜೆ. ಬಳೆಗಳು ಇನ್ನೂ ನಿನ್ನ ಕೈಯಲ್ಲಿರುತ್ತವೆ. ನಾಳೆ ನಿನ್ನ ಅಣ್ಣಂದಿರು ಹೆಣ್ಣು ನೋಡಲು ನಿನ್ನನ್ನು ಸಾವಂತ್ರೆವ್ವನ ಊರಿಗೆ ಕರೆದೊಯ್ಯುತ್ತಾರೆ. ನೀನು ತಲೆ ತಗ್ಗಿಸಿ ‘ಹೂಂ’ ಅನ್ನುತ್ತೀ. ಅವಳು ಬದುಕಿಡೀ ನಿನಗೆ ರೊಟ್ಟಿ ಬಡಿದು, ತನ್ನಲ್ಲೇ ಏನೋ ಕೊರತೆ ಇದೆಯೆಂದು ನಂಬಿ ಸಾಯುತ್ತಾಳೆ. ಅವಳ ಪಾಪ ಏನಿತ್ತು? ಇದನ್ನೆಲ್ಲ ಜರಡಿಯವರು ಅಳಿಸಲಿಲ್ಲ, ನೋಡು. ಇದೆಲ್ಲ ಆಗಿಯೇ ತೀರಿದ್ದು.

ದನಿ ಅಗೆಯುವವರು ಇನ್ನೊಂದು ಗೋಡೆಯನ್ನೂ ಅಗೆದರು. ಮೌನೇಶ ಈಗ, ನೀನು ಇದನ್ನು ಓದುತ್ತಿರುವ ಹೊತ್ತಿಗೆ, ………… ಹತ್ತಿರ ನಿಂತಿದ್ದಾನೆ. ಅವನು ಒಬ್ಬನೇ ಗೋಡೆಗೆ ಮುಖ ಮಾಡಿ ಹೇಳಿದ್ದು: “…………………………” ಮುತ್ಯಾ, ಎದ್ದು ಈಗಲೇ ………………… ತಡಮಾಡಿದರೆ …………

ನೀನು ನನ್ನ ಮಾತು ಕೇಳಿದ್ದರೆ ಸಾವಂತ್ರೆವ್ವನ ಮಕ್ಕಳಿಲ್ಲ, ನಾನಿಲ್ಲ, ಮುಗಿಲನಿಲ್ಲ. ಅದು ತಿಳಿದೇ ಬರೆದೆ. ಬರೆಯುವಾಗ ಮಗನ ಹೊಸ ಅಂಗಿ ಎದುರಿಗೇ ತೂಗುತ್ತಿತ್ತು. ಆದರೂ ಬರೆದು ಕಳಿಸಿದೆ, ಅಳಿಸಿ ವಾಪಸು ಕೊಟ್ಟರು. ಮತ್ತೆ ಬರೆದೆ, ಮತ್ತೆ ಅಳಿಸಿದರು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನನಗೇ ಬುದ್ಧಿ ಹೇಳಿದರು. ಫಲವಿಲ್ಲದಿದ್ದರೆ ಚಿಂತೆ ಬಿಡುತ್ತದೆಯೇ?

ಮುಗಿಲನಿಗೆ ಎಲ್ಲ ಹೇಳಿದೆ. ಅವನು “ನಾನು ಹಾಕ್ಕೊಂತೀನವ್ವಾ, ಎರಡೂ ಕೈಗೆ,” ಅಂದ. ಆಮೇಲೆ ಹೊನ್ನೂರನೂ ತನ್ನ ಕೈ ಮುಂದೆ ಮಾಡಿದ.

ನಿನಗೆ ಕೊಡಲು ನನ್ನ ಬಳಿ ಏನೂ ಇಲ್ಲ, ಒಂದು ಬೇಡಿಕೆ ಇದೆ. ಈಗ ನಿನಗೆ ಆ ಬಳೆಗಳನ್ನು ಗೋಡೆಗೆ ಕುಟ್ಟಿ ಪುಡಿ ಮಾಡಬೇಕೆನಿಸುತ್ತಿರಬಹುದು. ಒಡೆಯಬೇಡ. ಸಾಬೂನು ಹಚ್ಚಿ ಮೆಲ್ಲಗೆ ತೆಗೆದು, ಬಟ್ಟೆಯಲ್ಲಿ ಸುತ್ತಿ ಇಡು. ಯಾರಾದರೂ ಕೇಳಿದರೆ ಕುಸ್ತಿ ಗೆದ್ದದ್ದಕ್ಕೆ ವಸ್ತಾದರು ಹರಸಿ ಕೊಟ್ಟರು ಎಂದು ಸುಳ್ಳು ಹೇಳು.

ಈ ಮಾತನ್ನಾದರೂ ಜರಡಿಯವರು ಅಳಿಸಲಿ, ನೀನು ಬೇರೆ ಏನನ್ನಾದರೂ ಮಾಡಬಲ್ಲವನಾಗಿರು ಎಂದು ಹಾರೈಸಿದ್ದೆ. ಓಲೆ ವಾಪಸು ಬಂತು. ಆ ಮಾತಿನ ಒಂದಕ್ಷರವನ್ನೂ ಮುಟ್ಟಿಲ್ಲ.

ನಿನ್ನ
ನೀಲಗಂಗಾ