ಎರಡು ಸಲ ತಟ್ಟಿದ ಕೈ

ನನ್ನ ಜಟ್ಟಿಗೆ,

‘ಸೋತವನಿಗೂ ಬಾಗಿಲು ತೆರೆದಿರಲಿ’ ಎಂದೇನೋ ಒಂದು ಪದ್ಯದ ಸಾಲು ನೆನಪಾಗುತ್ತಿದೆ. ಬರೆದವನು ಯಾರ ಸೋಲನ್ನಾದರೂ ಹತ್ತಿರದಿಂದ ಕಂಡಿದ್ದನೇ?

ನೀನು ಟಿವಿಯಲ್ಲಿ ಮಾರ್ಷಲ್ ಆರ್ಟ್ಸ್ ಕಾಳಗ ಹಾಕಿದರೆ ನಾನು ಪುಸ್ತಕ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದೆ. ‘ಇದೂ ಒಂದು ಆಟವಾ? ಕಟುಕರ ಅಂಗಡಿ!’ ಎನ್ನುತ್ತಿದ್ದೆ. ಇನ್ನಾಗದು ಎನ್ನುವವನು ಎದುರಾಳಿಯ ತೋಳನ್ನು ಎರಡು ಸಲ ತಟ್ಟಿದರೆ ಸಾಕು, ಆ ಕ್ಷಣವೇ ಹಿಡಿತ ಬಿಡಬೇಕು ಎಂದು ನೀನು ತೋರಿಸಿದ ದಿನ ನಾನೂ ಪಕ್ಕದಲ್ಲಿ ಕೂತೆ. ಈಗ ನಿನಗಿಂತ ನನಗೇ ಅದರ ಹುಚ್ಚು.

ನಿನ್ನೆ ಡಾಕ್ಟರು ಮೂರನೆಯ ಆಪರೇಷನ್ನಿನ ಮಾತೆತ್ತಿದಾಗ, ಕಾಯಿಲೆಯಿಂದ ಮಾತು ನಿಂತುಹೋದ ನೀನು ನನ್ನ ಅಂಗೈಯನ್ನು ಎರಡು ಸಲ ತಟ್ಟಿದೆ. ನಾನು ತಿಳಿಯದವಳಂತೆ ನಿನ್ನ ಹೊದಿಕೆ ಸರಿಪಡಿಸಿದೆ. ಒಪ್ಪಿಗೆ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ನರ್ಸ್ ಇದನ್ನು ನಿನಗೆ ಓದಿ ಹೇಳುತ್ತಾರೆ. ನಾಳೆ ಬಂದು ಕೈ ಚಾಚುತ್ತೇನೆ. ಮತ್ತೆ ತಟ್ಟಿದರೆ, ಸಹಿ ಹಾಕುವುದಿಲ್ಲ.

ನಿನ್ನ ಉಗುರು ಬೆಳೆದಿದೆ, ಕತ್ತರಿ ತರುತ್ತೇನೆ.

ನಿನ್ನ ಪದ್ಯದ ಹುಚ್ಚಿ

ಹೇಳಲು ಮರೆತೆ. ಇವತ್ತು ಕಾಳಗ ನೋಡುತ್ತಿದ್ದಾಗ ಪಕ್ಕದ ಮನೆಯಾಕೆ ಗಾಬರಿಯಿಂದ ಬಾಗಿಲಿಗೆ ಬಂದರು. ‘ಆಗಿನಿಂದ ತಟ್ಟಬೇಡ, ತಟ್ಟಬೇಡ ಅಂತ ಅಳ್ತಾ ಕೂಗ್ತಿದ್ದೀರಲ್ಲ, ಯಾರಿಗ್ರೀ?’ ಅಂದರು.