ತಂಗಿಯ ನೀಲಿ ಗೆರೆ

ಫೆಬ್ರವರಿ 20, ಬೆಳಿಗ್ಗೆ

ಸ್ನಾನಕ್ಕೆ ಮುಂಚೆ ತೂಕ. ಕನ್ನಡಕ ತೆಗೆದಿಟ್ಟು ಹತ್ತಿದೆ, ಅದರ ಭಾರ ಬೇರೆ ಯಾಕೆ ಅಂತ. ತೆಗೆದರೆ ಮುಳ್ಳು ಕಾಣಲ್ಲ. ಮತ್ತೆ ಹಾಕ್ಕೊಂಡೆ. ಎಪ್ಪತ್ತೊಂಬತ್ತು. ಹೋಗಿ ಕಂಪ್ಯೂಟರಿಗೆ ಒಪ್ಪಿಸಿದೆ. "ನಿಮ್ಮ ಪ್ರಗತಿ ನಿರೀಕ್ಷೆಗಿಂತ ನಿಧಾನವಾಗಿದೆ" ಅಂತು. ಬೈಯೋದಾದ್ರೆ ಬಾಯ್ತುಂಬ ಬೈಯಪ್ಪ, ಈ ಪುಸ್ತಕದ ಭಾಷೆ ಯಾಕೆ!

ಮಂಡಿ ಡಾಕ್ಟರ್ ಹತ್ತು ಕೆಜಿ ಇಳಿಸಿ ಅಂದಿದ್ದಾರೆ. ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂತವಳಿಗೆ. ಹೇಳೋದು ಸುಲಭ.

ಕಂಪ್ಯೂಟರಿಗೆ ಈ ತೂಕದ ಪ್ರೋಗ್ರಾಂ ಹಾಕಿಕೊಟ್ಟವಳು ತಂಗಿ. ಇಬ್ಬರನ್ನೂ ಜೋಡಿ ಮಾಡಿಟ್ಟಿದ್ದಾಳೆ — ನನ್ನ ತೂಕ ಕೆಂಪು ಗೆರೆ, ಅವಳದು ನೀಲಿ. ಒಬ್ಬರದು ಒಬ್ಬರಿಗೆ ಕಾಣುತ್ತೆ. ಆಗ ಮಾತು ಬಿಟ್ಟಿರಲಿಲ್ಲ.

ನೀಲಿ ಗೆರೆ ಜರ್ರಂತ ಇಳೀತಿದೆ. ಹೊಟ್ಟೆ ಉರೀತು. ಯಾರು ಓದ್ತಾರೆ ಇದನ್ನ... ಹೌದು, ಹೊಟ್ಟೆ ಉರೀತು.

ಮಾರ್ಚ್ 6, ಸಂಜೆ

ಊಟದ ಲೆಕ್ಕ ಬರೆಯೋ ಜಾಗದಲ್ಲಿ ಒಂದು ಪ್ರಶ್ನೆ ಇದೆ. "ಯಾರೊಂದಿಗೆ ಊಟ ಮಾಡಿದಿರಿ?" ಕುಟುಂಬ, ಸ್ನೇಹಿತರು, ಒಬ್ಬರೇ. ದಿನಾ ಕೊನೇದನ್ನೇ ಒತ್ತುತ್ತಿದ್ದೆ. ಇವತ್ತಿಂದ ಅದು ಕೇಳೋದನ್ನೇ ಬಿಟ್ಟಿದೆ. ತಾನೇ ತುಂಬಿಕೊಂಡುಬಿಡುತ್ತೆ — ಒಬ್ಬರೇ.

ಸೂಪು, ಎರಡು ಸೌತೆಕಾಯಿ. ಆಮೇಲೆ ಬಿಸ್ಕೆಟ್. ಬಿಸ್ಕೆಟ್ ಬರೆಯಲಿಲ್ಲ.

ಮಾರ್ಚ್ 19

ಇವತ್ತಿಡೀ ಒಂದು ಗಿರಾಕಿ ಇಲ್ಲ. ಯಾರ ಜೊತೆಗೂ ಮಾತಾಡಿಲ್ಲ ಅಂತ ಹೊಳೆದದ್ದು ಸಂಜೆ, ಹಾಲಿನವನಿಗೆ "ಚಿಲ್ಲರೆ ಇಲ್ಲ" ಅನ್ನುವಾಗ. ದನಿ ಕಟ್ಟಿತ್ತು.

ಡಿಸೆಂಬರಲ್ಲಿ ಜಗಳಾಡಿ ಹೋದ ತಂಗಿ ಒಂದು ಫೋನ್ ಮಾಡಿಲ್ಲ. ನಾನೇನು ಮಾಡಬಾರದ್ದು ಮಾಡಿದ್ದೆ? ಅವಳಿಗೆ ನಲವತ್ತಾಯ್ತು, ಎರಡು ಸಲ ಬಸಿರು ನಿಲ್ಲಲಿಲ್ಲ, ಆದರೂ ಡಾಕ್ಟರು, ಇಂಜೆಕ್ಷನ್ನು. ನೋಡಕ್ಕಾಗದೆ ಅಂದೆ — "ಸಾಕು ಬಿಡೇ. ಹಣೇಲಿ ಬರೆದಿಲ್ಲ ಅಂದ್ಮೇಲೆ ಎಲ್ಲಿಂದ ಬರುತ್ತೆ?"

"ನೀನು ಅಕ್ಕ ಅಲ್ಲ, ಶನಿ!" ಅಂದು ಎದ್ದು ಹೋದಳು. ಚಹಾ ಅರ್ಧ ಹಾಗೇ ಇತ್ತು.

ಒಳ್ಳೇದಕ್ಕೆ ಹೇಳಿದ್ದು. ನಾನೇ ಮೊದಲು ಫೋನ್ ಮಾಡಬೇಕಾ? ನಾನು ದೊಡ್ಡವಳು.

ಏಪ್ರಿಲ್ 28, ಬೆಳಿಗ್ಗೆ

ಆಹಾ! ನೀಲಿ ಗೆರೆ ಏರ್ತಿದೆ. ಇಳಿದಷ್ಟನ್ನೂ ಮತ್ತೆ ಹತ್ತಿಸ್ಕೊಂಡಿದ್ದಾಳೆ. ಸಿಹಿ ಕಂಡರೆ ಬಿಡುವವಳಲ್ಲ, ಚಿಕ್ಕಂದಿನಿಂದ.

ಜೋಡಿಗೆ ಕಳಿಸೋಕೆ ಮೂರೇ ಮಾತು ಇಟ್ಟಿದ್ದಾರೆ ಇದರಲ್ಲಿ. "ಶಾಬಾಷ್." "ಎಚ್ಚರ ತಪ್ಪದಿರಿ." "ನಾನು ನಿಮ್ಮೊಂದಿಗಿದ್ದೇನೆ." ಎರಡನೇದನ್ನು ಒತ್ತಿದೆ. ಜಗಳದ ಮೇಲೆ ಮೊದಲ ಮಾತು.

ಉತ್ತರ ಇಲ್ಲ.

ಜೂನ್ 15

ಇನ್ನೂ ಏರಿದಾಳೆ! ಮತ್ತೆ ಒತ್ತಿದೆ — ಎಚ್ಚರ ತಪ್ಪದಿರಿ. ಈಗೀಗ ವಾರಕ್ಕೊಮ್ಮೆ ಒತ್ತುತ್ತೇನೆ. ಉತ್ತರ ಬರಲ್ಲ. ಆದರೂ ದಿನಾ ಬೆಳಿಗ್ಗೆ ಅವಳ ತೂಕದ ಚುಕ್ಕೆ ಬಂದಿರುತ್ತೆ. ನಾಚಿಕೆಯಾದ್ರೂ ಬೇಡವಾ, ಇಷ್ಟು ದಪ್ಪಗಾಗಿ ಊರಿಗೆಲ್ಲ ತೋರಿಸ್ಕೊಳ್ಳೋಕೆ. ಊರಿಗೆಲ್ಲಿ... ನನಗೊಬ್ಬಳಿಗೆ.

ನನ್ನದು ಎಪ್ಪತ್ತಾರು. ಹೇಳ್ಕೊಳ್ಳೋಕೆ ಯಾರಿದ್ದಾರೆ.

ಜುಲೈ 11, ಸಂಜೆ

ಇದನ್ನ ಇವತ್ತೇ ಬರೀಬೇಕು.

ಮಧ್ಯಾಹ್ನ ಬ್ಯಾಂಕಿನ ಹುಡುಗಿ ಬಂದಿದ್ದಳು, ಆಫೀಸಿಗೆ ಹಾಕೋ ಬಟ್ಟೆ ಸಡಿಲ ಮಾಡಿಸೋಕೆ. ಬಸುರಿ. ಟೇಪ್ ಹಿಡಿದು ಕೇಳಿದೆ, "ಇನ್ನೂ ಎಷ್ಟು ದಪ್ಪ ಆಗ್ತೀಯಮ್ಮ? ಆ ಲೆಕ್ಕಕ್ಕೆ ಬಿಡ್ತೀನಿ."

"ಗೊತ್ತಿಲ್ಲ ಆಂಟಿ. ಮೊದಮೊದಲು ಬರೀ ವಾಂತಿ, ಇಳಿದು ಹೋಗಿದ್ದೆ. ಆಮೇಲೆ ನೋಡಿ, ಏರಿದ್ದೇ ಏರಿದ್ದು."

ಟೇಪ್ ಅವಳ ಸೊಂಟದ ಮೇಲೇ ನಿಂತುಹೋಯ್ತು. "ಏನಾಯ್ತು ಆಂಟಿ?" ಅಂದಳು. ಎಷ್ಟು ಬಸುರಿಯರ ಬಟ್ಟೆ ಸಡಿಲ ಮಾಡಿ ಹೊಲಿದಿದ್ದೀನೋ! ಸ್ವಂತ ತಂಗಿಯ ಗೆರೆ ಐದು ತಿಂಗಳಿಂದ ಕಣ್ಣೆದುರಿಗಿದೆ. ಇಳಿದು, ಏರಿ. ಕಣ್ಣಿದ್ದೂ ಕುರುಡಿ.

ಅವಳು ಹೋದ ತಕ್ಷಣ ಫೋನ್ ಮಾಡಿದೆ. ಎತ್ತಿದ್ದು ತಂಗಿ ಗಂಡ. ಪಾಪ, ಮೆತ್ತಗಿನ ಮನುಷ್ಯ. "ಹೌದಕ್ಕಾ, ಆರು ತಿಂಗಳು ತುಂಬ್ತು. ಮಲಗಿದ್ದಾಳೆ. ಡಾಕ್ಟರ್ ಟೆನ್ಶನ್ ಬೇಡ ಅಂದಿದ್ದಾರೆ... ಅವಳಿಗೆ ಅನ್ನಿಸಿದಾಗ ಅವಳೇ ಮಾಡ್ತಾಳೆ. ತಪ್ಪು ತಿಳ್ಕೋಬೇಡಿ."

ಟೆನ್ಶನ್ ಅಂದ್ರೆ ನಾನು.

"ಒಂದು ಮಾತು ಹೇಳಬಾರದಿತ್ತಾ ನನಗೆ?" ಅಂದೆ. ಅವರು ದನಿ ತಗ್ಗಿಸಿದರು. "ಈ ಸಲ ಯಾರಿಗೂ ಬಾಯಿಬಿಟ್ಟು ಹೇಳಲ್ಲ ಅಂತ ಹಟ ಹಿಡಿದಳು. ನಿಮಗೆ ಮಾತ್ರ ದಿನಾ ತೂಕ ಬರೀತಿದ್ಲು. ಅಕ್ಕನಿಗೆ ಗೊತ್ತಾಗುತ್ತೆ, ಗೊತ್ತಾಗಿ ಬರ್ತಾಳೆ ಅಂತಿದ್ಲು. ಆಮೇಲೆ ನಿಮ್ಮ ಎಚ್ಚರಿಕೆಗಳು ಬರೋಕೆ ಶುರುವಾದ್ವು."

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಜುಲೈ 12

"ನಾನು ನಿಮ್ಮೊಂದಿಗಿದ್ದೇನೆ" ಒತ್ತಿದೆ. ಅದೂ ಬಹುವಚನದಲ್ಲಿ. ನನ್ನ ಪುಟ್ಟಿಗೆ! ಕೋಪದಲ್ಲಿ ಕೊಯ್ದ ಮೂಗು ಬಾ ಅಂದರೆ ಬರುತ್ತಾ.

ಜುಲೈ 13

ಉತ್ತರ ಇಲ್ಲ. ಚುಕ್ಕೆ ಇದೆ. "ಜೋಡಿ ಮುರಿಯಿರಿ" ಅಂತ ಒಂದು ಬಟನ್ ಇದೆ ಮೂಲೇಲಿ. ಇಷ್ಟಾದರೂ ಅದನ್ನು ಒತ್ತಿಲ್ಲ ಅವಳು.

ಆಗಸ್ಟ್ 17

ಪುಟ್ಟ ಅಂಗಿಗೆ ಬಟ್ಟೆ ಹರವಿದೆ. ಕತ್ತರಿ ಆಡಲಿಲ್ಲ. ಮೊದಲೆರಡು ಸಲವೂ ಹೊಲಿದಿಟ್ಟಿದ್ದೆ. ಎರಡೂ ಬೀರುವಲ್ಲಿವೆ. ಅವಳಿಗೆ ಗೊತ್ತಿಲ್ಲ. ಸಾಕು ಬಿಡೇ ಅಂದಿದ್ದು ನನ್ನ ಕೈಲಿ ಮೂರನೇದು ಹೊಲಿಯೋಕೆ ಆಗಲ್ಲ ಅಂತ ಕೂಡ. ಅದನ್ನ ಯಾರಿಗೆ ಹೇಳಲಿ?

ಬಟ್ಟೆ ಮಡಚಿಟ್ಟೆ. ತೂಕ ನೋಡಿಕೊಳ್ಳಲಿಲ್ಲ.

ಸೆಪ್ಟೆಂಬರ್ 25

ನೀಲಿ ಚುಕ್ಕೆ ಬಂದಿಲ್ಲ. ಮರೆತಿರಬಹುದು.

ಸೆಪ್ಟೆಂಬರ್ 26

ಇಲ್ಲ.

ಸೆಪ್ಟೆಂಬರ್ 27

ಇಲ್ಲ. ತಂಗಿ ಗಂಡನ ಫೋನ್ ಸ್ವಿಚ್ ಆಫ್. ಹಿಂದೆ ಎರಡು ಸಲವೂ ಹೀಗೇ ಆಗಿತ್ತು — ಎರಡು ದಿನ ಸದ್ದಿಲ್ಲ, ಆಮೇಲೆ ಸುದ್ದಿ. ಯಾವ ಆಸ್ಪತ್ರೆ ಅಂತ ಕೂಡ ಗೊತ್ತಿಲ್ಲ ನನಗೆ. ಮೆಷಿನ್ ಮುಂದೆ ಕೂತೆ, ಸೂಜಿಗೆ ದಾರ ಪೋಣಿಸಕ್ಕಾಗಲಿಲ್ಲ. ದೇವರೇ, ಅವಳು ನನ್ನ ಜೊತೆ ಜನ್ಮದಲ್ಲಿ ಮಾತಾಡದಿದ್ದರೂ ಪರವಾಗಿಲ್ಲ.

ಸೆಪ್ಟೆಂಬರ್ 29, ಬೆಳಿಗ್ಗೆ

ಕಂಪ್ಯೂಟರ್ ಹಾಕಿದೆ. ಕೆಂಪು ಇದೆ, ನೀಲಿ ನಿಂತಲ್ಲೇ ಇದೆ. ಕೆಳಗೆ, ತೀರಾ ಕೆಳಗೆ, ಹಸಿರು ಬಣ್ಣದ್ದೊಂದು ಚುಕ್ಕೆ. ಹೊಸ ಸದಸ್ಯರು. ಎರಡು ಕೆಜಿ ಎಂಟುನೂರು ಗ್ರಾಂ.

"ಈ ಸದಸ್ಯರ ತೂಕ ಅಪಾಯಕಾರಿ ಮಟ್ಟದಲ್ಲಿ ಕಡಿಮೆಯಿದೆ. ಕೂಡಲೇ ಆಹಾರ ತಜ್ಞರನ್ನು ಕಾಣಿರಿ" ಅನ್ನುತ್ತೆ. ಥೂ ಮುಂಡೇದೇ! ನಗು ಬಂತು, ಅಳು ಬಂತು, ಯಾವುದು ಮೊದಲೋ.

ಪಕ್ಕದಲ್ಲಿ ನನ್ನ ಹೆಸರಿಗೆ ಒಂದು ಚೌಕ ಬಂದಿದೆ. "ಈ ಸದಸ್ಯರಿಗೆ ನೀವು ಏನಾಗಬೇಕು?" ಅವಳೇ ತುಂಬಿದ್ದಾಳೆ. ದೊಡ್ಡಮ್ಮ.

ಒಪ್ಪಿಗೆ ಅನ್ನೋದನ್ನ ಗಾಬರಿಯಲ್ಲಿ ಎರಡು ಸಲ ಒತ್ತಿಬಿಟ್ಟೆ, ಏನೂ ಕೆಡಲ್ಲ ತಾನೇ? ಫೋನ್ ಹೊಡ್ಕೊಳ್ತಿದೆ... ಅವಳೇ —